ಹಾಡಿನ ನಡುವೆ ಟಿಣ್: ಕೈಲಿ ಹಿಡಿಯುವ ಲಿನಕ್ಸ್ ಸಾಧನದ ಡಿಎಸ್‌ಪಿಯಲ್ಲೇ ಆಡಿಯೊ ಮಿಕ್ಸ್ ಮಾಡುವುದು ಹೇಗೆ

ಹಾಡು ಓಡುತ್ತಿದೆ. ನಡುವೆ ಒಂದು ಮೆಸೇಜ್ ಬರುತ್ತದೆ, ಟಿಣ್ ಅನ್ನುತ್ತದೆ. ಹಾಡು ನಿಲ್ಲಬಾರದು, ಟಿಣ್ ತಡವಾಗಬಾರದು, ಎರಡೂ ಒಟ್ಟಿಗೆ ಬಂದಾಗ ಸ್ಪೀಕರ್ ಗೊರಗೊರ ಅನ್ನಬಾರದು. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಮಾಡಲು ಕೂತರೆ ವಾರಗಟ್ಟಲೆ ಹೋಗುತ್ತದೆ. ನಾನು ಮುಗ್ಗರಿಸಿದ ಜಾಗಗಳನ್ನೆಲ್ಲ ಸೇರಿಸಿ, ಯಾವುದನ್ನು ಮೊದಲು ಮಾಡಿದರೆ ತಲೆನೋವು ಕಡಿಮೆ ಅಂತ ಇಲ್ಲಿ ಬರೆದಿದ್ದೇನೆ. ನಿಮಗೆ ಟರ್ಮಿನಲ್ ಬಳಸಿ ಗೊತ್ತು, ಸಿ ಭಾಷೆ ಸ್ವಲ್ಪ ಗೊತ್ತು ಅಂದುಕೊಂಡಿದ್ದೇನೆ.

ಒಂದು ಗೊಂದಲ ಈಗಲೇ ತೆಗೆದುಬಿಡೋಣ. ಹಳೆಯ ಲಿನಕ್ಸ್ ಪಾಠಗಳಲ್ಲಿ ಡೆವ್ ಫೋಲ್ಡರಿನೊಳಗೆ ಡಿಎಸ್‌ಪಿ ಅನ್ನುವ ಹೆಸರಿನ ಫೈಲ್ ಬರುತ್ತದೆ. ಅದು ಲಿನಕ್ಸಿನ ಹಳೆಯ ಸೌಂಡ್ ವ್ಯವಸ್ಥೆ ಓಎಸ್‌ಎಸ್ ಕಾಲದ ಸೌಂಡ್ ಡಿವೈಸ್. ಅದಕ್ಕೆ ಡೇಟಾ ಬರೆದರೆ ಸೌಂಡ್ ಬರುತ್ತದೆ, ನಿಜ. ಆದರೆ ನಿಮ್ಮ ಚಿಪ್ಪಿನೊಳಗಿನ ಡಿಎಸ್‌ಪಿಗೂ ಅದಕ್ಕೂ ನೆಂಟಸ್ತನ ಇರಬೇಕು ಅಂತೇನಿಲ್ಲ. ನಾವು ಮಾತಾಡುತ್ತಿರುವುದು ಮುಖ್ಯ ಪ್ರೊಸೆಸರ್ ಪಕ್ಕದಲ್ಲಿ ಅದೇ ಚಿಪ್ಪಿನಲ್ಲಿ ಕೂತಿರುವ ಇನ್ನೊಂದು ಪುಟ್ಟ ಪ್ರೊಸೆಸರ್ ಬಗ್ಗೆ. ಡಿಎಸ್‌ಪಿ ಅಂದರೆ ಡಿಜಿಟಲ್ ಸಿಗ್ನಲ್ ಪ್ರೊಸೆಸರ್, ಸೌಂಡಿನಂಥ ಸಿಗ್ನಲ್‌ಗಳ ಲೆಕ್ಕಕ್ಕೆಂದೇ ಇರುವುದು.

ನಿಜಕ್ಕೂ ಇದು ಬೇಕಾ?

ಮಿಕ್ಸ್ ಮಾಡುವುದು ಅಂದರೆ ಕೂಡುವುದು, ಅಷ್ಟೆ. ನಾಲ್ಕು ಸ್ಟ್ರೀಮ್, ಎರಡು ಚಾನೆಲ್, ಸೆಕೆಂಡಿಗೆ 48,000 ಸ್ಯಾಂಪಲ್. ಗುಣಿಸಿದರೆ ಸೆಕೆಂಡಿಗೆ 3,84,000 ಸಲ ವಾಲ್ಯೂಮ್‌ನಿಂದ ಗುಣಿಸಿ ಕೂಡುವ ಕೆಲಸ. ಜಾಸ್ತಿ ಅನ್ನಿಸುತ್ತದೆ ಅಲ್ವಾ? ಆದರೆ 2007ರ ನೋಕಿಯಾ ಎನ್800ರ ಆರ್ಮ್ ಪ್ರೊಸೆಸರ್ ಕೂಡ ನೂರಾರು ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಅದಕ್ಕೂ ಇದು ದೊಡ್ಡ ಹೊರೆಯಲ್ಲ, ಇವತ್ತಿನ ಫೋನಿಗಂತೂ ಲೆಕ್ಕಕ್ಕೇ ಇಲ್ಲ.

ಹಾಗಾದರೆ ಡಿಎಸ್‌ಪಿಗೆ ಯಾಕೆ ಕೊಡಬೇಕು? ಮುಖ್ಯ ಪ್ರೊಸೆಸರ್ ನಿದ್ದೆ ಮಾಡಲಿ ಅಂತ. 10 ಮಿಲಿಸೆಕೆಂಡಿಗೊಮ್ಮೆ ಮಿಕ್ಸ್ ಮಾಡುವ ಪ್ರೋಗ್ರಾಂ ಇದ್ದರೆ ಪ್ರೊಸೆಸರ್ ಸೆಕೆಂಡಿಗೆ 100 ಸಲ ಎದ್ದು ಕೂರಬೇಕು. ಮಾಡುವ ಕೆಲಸ ಚಿಟಿಕೆಯಷ್ಟು, ಆದರೆ ಎದ್ದು, ಕ್ಲಾಕ್ ಏರಿಸಿ, ಮತ್ತೆ ಮಲಗುವಷ್ಟರಲ್ಲಿ ಬ್ಯಾಟರಿ ಸೋರುತ್ತದೆ. ಬಫರ್ ದೊಡ್ಡದು ಮಾಡಿ, ಎರಡು ಸೆಕೆಂಡಿನ ಹಾಡು ಒಂದೇ ಸಲ ತುಂಬಿಸಿ ಮಲಗಬಹುದಲ್ಲ ಅಂತ ನೀವು ಕೇಳಬಹುದು. ಮಲಗಬಹುದು. ಆದರೆ ಆಗಲೇ ಮಿಕ್ಸ್ ಆಗಿ ಕೂತಿರುವ ಆ ಎರಡು ಸೆಕೆಂಡಿನ ಹಿಂದೆ ಟಿಣ್ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಆ್ಯಪ್‌ಗಳ ಸೌಂಡನ್ನೆಲ್ಲ ಕೂಡಿ ಕಳಿಸುವ ಪಲ್ಸ್‌ಆಡಿಯೊ ಅನ್ನುವ ಪ್ರೋಗ್ರಾಂ ಇದಕ್ಕೊಂದು ಉಪಾಯ ಮಾಡುತ್ತದೆ, ಬಫರಿನಲ್ಲಿ ಹಿಂದಕ್ಕೆ ಹೋಗಿ ಇನ್ನೂ ನುಡಿಯದ ಭಾಗವನ್ನು ಅಳಿಸಿ ಹೊಸದಾಗಿ ಮಿಕ್ಸ್ ಮಾಡಿ ಬರೆಯುತ್ತದೆ. ಜಾಣತನ ಹೌದು, ಆದರೆ ಹಾರ್ಡ್‌ವೇರ್ ಈಗ ಎಲ್ಲಿ ಓದುತ್ತಿದೆ ಅಂತ ಡ್ರೈವರ್ ಕರಾರುವಾಕ್ಕಾಗಿ ಹೇಳದಿದ್ದರೆ ಅದು ಕೈಕೊಡುತ್ತದೆ.

ಡಿಎಸ್‌ಪಿಯಲ್ಲಿ ಮಿಕ್ಸ್ ಮಾಡಿದರೆ ಈ ಜಗಳವೇ ಇಲ್ಲ. ಹಾಡಿಗೆ ಎರಡು ಸೆಕೆಂಡಿನ ಬಫರ್, ಟಿಣ್‌ಗೆ 10 ಮಿಲಿಸೆಕೆಂಡಿನ ಬಫರ್, ಎರಡೂ ಸೇರುವುದು ಕೊನೆ ಗಳಿಗೆಯಲ್ಲಿ. ನಿಮ್ಮ ಸಾಧನದಲ್ಲಿ ಒಂದು ಹೊತ್ತಿಗೆ ಒಂದೇ ಸೌಂಡ್ ಬರುವುದಾದರೆ, ಇಲ್ಲಾ ಅದು ಸದಾ ಚಾರ್ಜರಿಗೆ ಅಂಟಿಕೊಂಡೇ ಇರುವುದಾದರೆ ಈ ಲೇಖನ ಇಲ್ಲಿಗೇ ಬಿಡಿ. ಲಿನಕ್ಸಿನ ಈಗಿನ ಸೌಂಡ್ ವ್ಯವಸ್ಥೆ ಅಲ್ಸಾದಲ್ಲಿ ಮುಖ್ಯ ಪ್ರೊಸೆಸರಿನಲ್ಲೇ ಮಿಕ್ಸ್ ಮಾಡುವ ಡಿಮಿಕ್ಸ್ ಪ್ಲಗಿನ್ ಇದೆ, ಅದನ್ನು ಹಾಕಿಕೊಂಡು ಆರಾಮಾಗಿರಿ.

ನಿಮ್ಮ ಹತ್ತಿರ ಏನಿದೆ ನೋಡಿ

ಎಪ್ಲೇ ಕಮಾಂಡಿಗೆ ಸಣ್ಣ ಎಲ್ ಆಯ್ಕೆ ಕೊಟ್ಟು ಓಡಿಸಿ. ಸೌಂಡ್ ಕಾರ್ಡ್ ಒಂದೇ ಇದ್ದರೂ ಅದರ ಕೆಳಗೆ ಪ್ಲೇಬ್ಯಾಕ್ ಡಿವೈಸ್‌ಗಳು ಎಷ್ಟಿವೆ ಎಣಿಸಿ. ಒಂದೇ ಇದೆಯಾ? ಹಾಗಾದರೆ ಬಹುಶಃ ಡಿಎಸ್‌ಪಿ ಇಲ್ಲ, ಇಲ್ಲಾ ಇದ್ದರೂ ಡ್ರೈವರ್ ಅದನ್ನು ಮುಟ್ಟುತ್ತಿಲ್ಲ. ಕ್ವಾಲ್‌ಕಾಮ್ ಚಿಪ್ಪಿನ ಫೋನಿನಲ್ಲಿ ಲಿನಕ್ಸ್ ಹಾಕಿಕೊಂಡಿದ್ದರೆ ಮಲ್ಟಿಮೀಡಿಯಾ 1, ಮಲ್ಟಿಮೀಡಿಯಾ 2 ಅಂತ ಸಾಲಾಗಿ ಕಾಣಬಹುದು. ಅವೆಲ್ಲ ಕ್ವಾಲ್‌ಕಾಮ್‌ನ ಡಿಎಸ್‌ಪಿಯಾದ ಹೆಕ್ಸಗನ್‌ಗೆ ಹೋಗುವ ಬೇರೆ ಬೇರೆ ಬಾಗಿಲುಗಳು. ಸೌಂಡ್ ಓಪನ್ ಫರ್ಮ್‌ವೇರ್ (ಎಸ್‌ಓಎಫ್, ಡಿಎಸ್‌ಪಿಯೊಳಗೆ ಓಡುವ ಓಪನ್ ಸೋರ್ಸ್ ಸಾಫ್ಟ್‌ವೇರ್) ಇರುವ ಸಾಧನದಲ್ಲಿ ಕರ್ನೆಲ್ ಲಾಗ್ ನೋಡಿ, ಫರ್ಮ್‌ವೇರ್ ಮತ್ತು ಸೌಂಡಿನ ದಾರಿಗಳ ನಕ್ಷೆಯಾದ ಟೋಪಾಲಜಿ ಫೈಲ್ ಲೋಡ್ ಆದ ಸಾಲುಗಳು ಎಸ್‌ಓಎಫ್ ಹೆಸರಿನಲ್ಲಿ ಸಿಗುತ್ತವೆ. ಕೆಲವು ಚಿಪ್ಪುಗಳಲ್ಲಿ ಸಿಸ್ ಫೋಲ್ಡರಿನ ಕ್ಲಾಸ್ ಒಳಗೆ ರಿಮೋಟ್‌ಪ್ರಾಕ್ ಇರುತ್ತದೆ, ಅಲ್ಲಿನ ಸ್ಟೇಟ್ ಫೈಲ್ ರನ್ನಿಂಗ್ ಅಂದರೆ ಡಿಎಸ್‌ಪಿ ಎಚ್ಚರವಾಗಿದೆ ಅಂತ.

ಇಲ್ಲಿಂದ ದಾರಿ ಎರಡಾಗುತ್ತದೆ. ಫರ್ಮ್‌ವೇರಿನಲ್ಲಿ ಮಿಕ್ಸರ್ ಆಗಲೇ ಇದ್ದರೆ ನೀವು ಕೋಡ್ ಬರೆಯಬೇಕಿಲ್ಲ, ದಾರಿ ಜೋಡಿಸಿದರೆ ಸಾಕು. ಇಲ್ಲದಿದ್ದರೆ ಡಿಎಸ್‌ಪಿಗೆ ನೀವೇ ಕೋಡ್ ಬರೆಯಬೇಕು. ಹಳೆಯ ನೋಕಿಯಾ ಟ್ಯಾಬ್ಲೆಟ್‌ಗಳಲ್ಲಿದ್ದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಸಿ55ಎಕ್ಸ್, 2009ರ ಎನ್900ರಲ್ಲಿದ್ದ ಸಿ64ಎಕ್ಸ್ ಪ್ಲಸ್, ಇಲ್ಲಾ ನೀವೇ ಫರ್ಮ್‌ವೇರ್ ಹಾಕಬಹುದಾದ ಡೆವಲಪರ್ ಬೋರ್ಡ್‌ಗಳು, ಇವು ಎರಡನೇ ಜಾತಿ. ಮಾರಾಟಕ್ಕಿರುವ ಬಹಳಷ್ಟು ಫೋನ್‌ಗಳಲ್ಲಿ ಡಿಎಸ್‌ಪಿ ಫರ್ಮ್‌ವೇರಿಗೆ ಡಿಜಿಟಲ್ ಸಹಿ ಬೇಕು, ಸುಮ್ನೆ ನಿಮ್ಮದನ್ನು ಹಾಕಿದರೆ ಒಳಗೆ ಬಿಡುವುದಿಲ್ಲ. ಹೋರಾಡಬೇಡಿ, ಮೊದಲನೇ ದಾರಿ ಹಿಡಿಯಿರಿ.

ಮಿಕ್ಸರ್ ಆಗಲೇ ಇದ್ದರೆ

ಲಿನಕ್ಸ್ ಕರ್ನೆಲ್ ಇಲ್ಲಿ ಸೌಂಡನ್ನು ಎರಡು ತುಂಡಾಗಿ ನೋಡುತ್ತದೆ. ಅಪ್ಲಿಕೇಶನ್ ತೆರೆಯುವ ಬಾಗಿಲು ಫ್ರಂಟ್‌ಎಂಡ್. ಸ್ಪೀಕರ್, ಹೆಡ್‌ಫೋನ್ ಕಡೆ ಹೋಗುವ ತಂತಿ ಬ್ಯಾಕ್‌ಎಂಡ್. ನಡುವೆ ಇರುವುದು ಡಿಎಸ್‌ಪಿ. ಯಾವ ಫ್ರಂಟ್‌ಎಂಡ್ ಯಾವ ಬ್ಯಾಕ್‌ಎಂಡಿಗೆ ಸೇರಬೇಕು ಅಂತ ಹೇಳುವುದು ಎಮಿಕ್ಸರ್ ಕಮಾಂಡಿನಲ್ಲಿ ಕಾಣುವ ಸ್ವಿಚ್‌ಗಳು. ಹೆಕ್ಸಗನ್ ಇರುವ ಕಡೆ ಈ ಸ್ವಿಚ್‌ಗಳ ಹೆಸರು ಉದ್ದುದ್ದ ಇರುತ್ತದೆ, ಮೊದಲು ಬ್ಯಾಕ್‌ಎಂಡಿನ ಹೆಸರು, ಆಮೇಲೆ ಆಡಿಯೊ ಮಿಕ್ಸರ್ ಅನ್ನುವ ಮಾತು, ಕೊನೆಗೆ ಯಾವ ಮಲ್ಟಿಮೀಡಿಯಾ ಅಂತ.

ಸ್ಪೀಕರಿನ ಬ್ಯಾಕ್‌ಎಂಡಿಗೆ ಮಲ್ಟಿಮೀಡಿಯಾ 1 ಮತ್ತು 2 ಎರಡರ ಸ್ವಿಚ್ಚನ್ನೂ ಆನ್ ಮಾಡಿ. ಎರಡು ಟರ್ಮಿನಲ್ ತೆಗೆದು, ಎರಡು ಡಿವೈಸಿಗೆ ಎರಡು ಬೇರೆ ವೇವ್ ಫೈಲ್ ಎಪ್ಲೇಯಿಂದ ಬಿಡಿ. ಎರಡೂ ಕೇಳಿಸಿದರೆ ಡಿಎಸ್‌ಪಿ ಮಿಕ್ಸ್ ಮಾಡುತ್ತಿದೆ, ಮುಗಿಯಿತು. ಡಿವೈಸ್ ತೆರೆಯುವಾಗಲೇ ಎಪ್ಲೇ ತಪ್ಪು ತೋರಿಸಿ, ಕರ್ನೆಲ್ ಲಾಗಿನಲ್ಲಿ ಬ್ಯಾಕ್‌ಎಂಡ್ ಡಿಎಐ (ಡಿಜಿಟಲ್ ಆಡಿಯೊ ಇಂಟರ್‌ಫೇಸ್) ಯಾವುದೂ ಎನೇಬಲ್ ಆಗಿಲ್ಲ ಅಂತ ಬಂದಿದ್ದರೆ ಗಾಬರಿ ಬೇಡ, ಸ್ವಿಚ್ ಆನ್ ಆಗಿಲ್ಲ ಅಷ್ಟೆ. ಸರಿಯಾದ ಮೇಲೆ ಈ ಜೋಡಣೆಯನ್ನು ಯೂಸಿಎಂ ಫೈಲಿಗೆ, ಅಂದರೆ ಯಾವ ಬಳಕೆಗೆ ಯಾವ ಸ್ವಿಚ್ ಅಂತ ಹೇಳುವ ಅಲ್ಸಾದ ಸೆಟ್ಟಿಂಗ್ ಫೈಲಿಗೆ ಬರೆದಿಡಿ.

ಇಷ್ಟಾದ ಮೇಲೂ ಬಹಳ ಜನ ಬೀಳುವ ಹಳ್ಳ ಒಂದಿದೆ. ಮೇಲೆ ಪಲ್ಸ್‌ಆಡಿಯೊ ಇಲ್ಲಾ ಅದೇ ಕೆಲಸ ಮಾಡುವ ಪೈಪ್‌ವೈರ್ ಓಡುತ್ತಿದ್ದರೆ, ಅವು ಮೊದಲ ಫ್ರಂಟ್‌ಎಂಡ್ ಒಂದನ್ನೇ ಹಿಡಿದುಕೊಂಡು ಬಂದ ಸ್ಟ್ರೀಮ್‌ಗಳನ್ನೆಲ್ಲ ಮುಖ್ಯ ಪ್ರೊಸೆಸರಿನಲ್ಲೇ ಕೂಡಿ ಕೆಳಗೆ ಕಳಿಸುತ್ತವೆ. ನೀವು ಕಷ್ಟಪಟ್ಟು ತೆರೆದ ಎರಡನೇ ಬಾಗಿಲಿಗೆ ಯಾರೂ ಬರುವುದೇ ಇಲ್ಲ! ಹಾಗಾಗಿ ಎರಡು ಫ್ರಂಟ್‌ಎಂಡನ್ನೂ ಬೇರೆ ಬೇರೆ ಸಿಂಕ್ ಆಗಿ, ಅಂದರೆ ಸೌಂಡ್ ಕಳಿಸಬಹುದಾದ ಬೇರೆ ಬೇರೆ ಜಾಗವಾಗಿ ತೋರಿಸಿ. ಪಲ್ಸ್‌ಆಡಿಯೊದಲ್ಲಿ ಸ್ಟ್ರೀಮಿನ ರೋಲ್ (ಅದು ಹಾಡೋ, ಟಿಣ್ಣೋ ಅನ್ನುವ ಗುರುತು) ನೋಡಿ ಸಿಂಕ್ ಆರಿಸುವ ಇಂಟೆಂಡೆಡ್ ರೋಲ್ಸ್ ಅನ್ನುವ ಮಾಡ್ಯೂಲ್ ಇದೆ. ಮ್ಯೂಸಿಕ್ ರೋಲಿನದು ದೊಡ್ಡ ಬಫರಿನ ಸಿಂಕಿಗೆ, ಇವೆಂಟ್ ರೋಲಿನದು ಸಣ್ಣ ಬಫರಿನ ಸಿಂಕಿಗೆ ಹೋಗುವಂತೆ ಮಾಡಿ.

ನೀವೇ ಬರೆಯುವುದಾದರೆ: ಎಲ್ಲರನ್ನೂ ಒಂದೇ ಅಳತೆಗೆ ತನ್ನಿ

ಸ್ಯಾಂಪಲ್‌ಗಳನ್ನು ಸ್ಪೀಕರಿನ ಸಿಗ್ನಲ್ ಆಗಿ ಬದಲಿಸುವ ಚಿಪ್, ಅಂದರೆ ಕೊಡೆಕ್, ಒಂದು ರೇಟಿನಲ್ಲಿ ಓಡುತ್ತದೆ. 48,000 ಇಟ್ಟುಕೊಳ್ಳಿ. 10 ಮಿಲಿಸೆಕೆಂಡಿಗೆ ಒಂದು ಬ್ಲಾಕ್, ಅಂದರೆ 480 ಫ್ರೇಮ್ (ಪ್ರತಿ ಚಾನೆಲಿನ ಒಂದೊಂದು ಸ್ಯಾಂಪಲ್ ಸೇರಿ ಒಂದು ಫ್ರೇಮ್). 44,100ರ ಹಾಡಿನಲ್ಲಿ ಅದೇ ಹೊತ್ತಿಗೆ 441 ಫ್ರೇಮ್ ಬೇಕು, 8,000ದ ಫೋನ್ ದನಿಗೆ 80. ಎಲ್ಲ ಪೂರ್ಣ ಸಂಖ್ಯೆ, ಚೆನ್ನಾಗಿದೆ. ಆದರೆ 22,050ರ ಫೈಲ್ ಬಂದರೆ 220.5. ಅರ್ಧ ಫ್ರೇಮ್ ಎಲ್ಲಿಂದ ತರುತ್ತೀರಿ? ಅಂಥ ಸ್ಟ್ರೀಮಿಗೆ ಒಂದು ಬ್ಲಾಕಿನಲ್ಲಿ 220, ಮುಂದಿನದರಲ್ಲಿ 221 ತೆಗೆದುಕೊಳ್ಳುವ ಲೆಕ್ಕ ಇಟ್ಟುಕೊಳ್ಳಿ. ಇದನ್ನು ಮರೆತರೆ ಸೆಕೆಂಡಿಗೆ 50 ಸ್ಯಾಂಪಲ್ ಹೆಚ್ಚುಕಡಿಮೆ ಆಗಿ, ಕೆಲವು ಸೆಕೆಂಡಿಗೊಮ್ಮೆ ಟಕ್ ಟಕ್ ಅಂತ ಕೇಳುತ್ತದೆ.

44,100ದಿಂದ 48,000ಕ್ಕೆ ಅನುಪಾತ 147ಕ್ಕೆ 160. ಹಾಡಿಗೆ ರೇಟ್ ಬದಲಿಸುವ ಸರಿಯಾದ ಪಾಲಿಫೇಸ್ ಫಿಲ್ಟರ್ ಬಳಸಿ, ಡಿಎಸ್‌ಪಿ ಹುಟ್ಟಿರುವುದೇ ಅದಕ್ಕೆ. ಎರಡು ಸ್ಯಾಂಪಲ್ ನಡುವೆ ನೇರ ಗೆರೆ ಎಳೆದು ಬೆಲೆ ಊಹಿಸುವ ಅಗ್ಗದ ವಿಧಾನ ಟಿಣ್‌ಗೆ ಪರವಾಗಿಲ್ಲ, ಹಾಡಿಗೆ ಬೇಡ.

ಕ್ಲಾಕ್ ವಿಷಯ. ಫೈಲಿನಿಂದ ಬರುವ ಸ್ಟ್ರೀಮುಗಳೆಲ್ಲ ಕೊಡೆಕ್ ಕೇಳಿದಾಗ ಕೊಡುತ್ತವೆ, ತೊಂದರೆ ಇಲ್ಲ. ಆದರೆ ನೆಟ್‌ವರ್ಕಿನಿಂದ, ಬ್ಲೂಟೂತಿನಿಂದ, ಮೋಡೆಮ್‌ನಿಂದ ಬರುವ ಸೌಂಡಿಗೆ ಅದರದ್ದೇ ಕ್ಲಾಕ್ ಇರುತ್ತದೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ಸೆಕೆಂಡಿಗೆ 2.4 ಸ್ಯಾಂಪಲ್ ಆಚೀಚೆ ಆಗುತ್ತದೆ, 480 ಫ್ರೇಮಿನ ಬಫರ್ 200 ಸೆಕೆಂಡಿನಲ್ಲಿ ಖಾಲಿ, ಇಲ್ಲಾ ತುಂಬಿ ಹರಿಯುತ್ತದೆ. ಮೂರು ನಿಮಿಷ ಚೆನ್ನಾಗಿದ್ದು ಆಮೇಲೆ ಕೆಟ್ಟರೆ ಮೊದಲ ಅನುಮಾನ ಇದರ ಮೇಲಿರಲಿ. ಬಫರ್ ಎಷ್ಟು ತುಂಬಿದೆ ನೋಡಿಕೊಂಡು ಅನುಪಾತವನ್ನು ಕೂದಲೆಳೆಯಷ್ಟು ಬದಲಿಸುತ್ತಾ ಹೋಗುವ ರಿಸ್ಯಾಂಪ್ಲರ್ ಬೇಕಾಗುತ್ತದೆ.

ಕೂಡುವ ಕೆಲಸ

16 ಬಿಟ್ ಸ್ಯಾಂಪಲ್ ಅಂದರೆ −32,768ರಿಂದ 32,767ರವರೆಗೆ. ಹಾಡಿನಲ್ಲಿ 20,000, ಟಿಣ್‌ನಲ್ಲಿ 15,000 ಬಂತು ಅನ್ನಿ. ಕೂಡಿದರೆ 35,000. 16 ಬಿಟ್‌ನಲ್ಲೇ ಕೂಡಿದರೆ ಅದು −30,536 ಆಗಿಬಿಡುತ್ತದೆ. ಸ್ಪೀಕರಿನ ಕೋನ್ ಮುಂದೆ ಹೋಗುತ್ತಿದ್ದದ್ದು ಒಂದೇ ಸ್ಯಾಂಪಲಿನಲ್ಲಿ ಹಿಂದಕ್ಕೆ ಜಿಗಿಯಬೇಕು. ಆಗ ಬರುವುದು ಕಾಗದ ಹರಿದಂಥ ಸದ್ದು, ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಮಿತಿ ಮೀರಿದ್ದನ್ನು 32,767ಕ್ಕೇ ನಿಲ್ಲಿಸುವುದನ್ನು ಸ್ಯಾಚುರೇಷನ್ ಅನ್ನುತ್ತಾರೆ. ಅದೂ ಸದ್ದನ್ನು ಕೆಡಿಸುತ್ತದೆ, ಆದರೆ ಇಷ್ಟು ಕರ್ಕಶವಾಗಿ ಅಲ್ಲ.

ಸ್ಯಾಚುರೇಷನ್ ಮಾಡುವುದು ಒಂದೇ ಸಲ, ಕೊನೆಯಲ್ಲಿ. 25,000, 15,000, −12,000 ಮೂರನ್ನೂ ಕೂಡಿದರೆ 28,000, ಮಿತಿಯೊಳಗೇ ಇದೆ. ಪ್ರತಿ ಹೆಜ್ಜೆಗೂ ಮಿತಿ ಹಾಕಿದರೆ ಮೊದಲೆರಡು ಸೇರಿ 32,767ಕ್ಕೆ ನಿಲ್ಲುತ್ತದೆ, ಅದಕ್ಕೆ −12,000 ಸೇರಿಸಿದರೆ 20,767. ತಪ್ಪು ಉತ್ತರ, ಅದೂ ತಪ್ಪು ಅಂತ ತಕ್ಷಣ ಗೊತ್ತಾಗದಂಥದ್ದು. ಸಿ55ಎಕ್ಸ್‌ನಲ್ಲಿ ಕೂಡುವ ರಿಜಿಸ್ಟರ್ 40 ಬಿಟ್ ಇದೆ, 32ರ ಮೇಲೆ 8 ಬಿಟ್ ಹೆಚ್ಚು. ಅದರಲ್ಲಿ 256 ಸ್ಟ್ರೀಮ್ ಕೂಡಿದರೂ ಉಕ್ಕುವುದಿಲ್ಲ. ಡಿಎಸ್‌ಪಿಯ ಸ್ಯಾಚುರೇಷನ್ ಮೋಡ್ ಬಿಟ್ ಕೂಡುವಾಗ ಆಫ್ ಇರಲಿ, ಹೊರಗೆ ಬರೆಯುವಾಗ ಮಾತ್ರ ಮಿತಿ ಹಾಕಿ.

ವಾಲ್ಯೂಮನ್ನು ಕ್ಯೂ15 ಅನ್ನುವ ಲೆಕ್ಕದಲ್ಲಿ ಇಡುತ್ತಾರೆ, ಅರ್ಧ ಅಂದರೆ 16,384. ಪೂರ್ತಿ ಒಂದು ಅಂದರೆ 32,768 ಆಗಬೇಕು, ಆದರೆ ಅದು 16 ಬಿಟ್‌ನಲ್ಲಿ ಹಿಡಿಸುವುದಿಲ್ಲ, 32,767 ಹಾಕಬೇಕು. ಹಾಗಾಗಿ ಫುಲ್ ವಾಲ್ಯೂಮಿನಲ್ಲೂ ಸ್ಯಾಂಪಲ್ ಒಂದು ಕೂದಲಷ್ಟು ಬದಲಾಗುತ್ತದೆ. ಕಿವಿಗೆ ತಿಳಿಯುವುದಿಲ್ಲ. ಆದರೆ ಒಳಗೆ ಹೋದದ್ದೇ ಹೊರಗೆ ಬಂತಾ ಅಂತ ಬಿಟ್ ಬಿಟ್ ಹೋಲಿಸಿ ಟೆಸ್ಟ್ ಮಾಡುವವರಿಗೆ ತಲೆ ಕೆಡುತ್ತದೆ. ಫುಲ್ ವಾಲ್ಯೂಮ್ ಇದ್ದರೆ ಗುಣಿಸದೇ ನೇರ ಕೂಡಿ.

ಟಿಣ್ ಬಂದಾಗ ಹಾಡನ್ನು ಸ್ವಲ್ಪ ತಗ್ಗಿಸಿದರೆ ಎರಡೂ ಚೆನ್ನಾಗಿ ಕೇಳುತ್ತವೆ, ಮಿತಿಯೂ ಮೀರುವುದಿಲ್ಲ. ಕಾಲು ಭಾಗಕ್ಕೆ ಇಳಿಸಿ, ಅಂದರೆ 8,192, ಸುಮಾರು 12 ಡೆಸಿಬಲ್ ಕಡಿಮೆ. ಒಂದೇ ಏಟಿಗೆ ಇಳಿಸಿದರೆ ಟಪ್ ಅನ್ನುತ್ತದೆ, ಆದ್ದರಿಂದ 480 ಸ್ಯಾಂಪಲಿನ ಉದ್ದಕ್ಕೆ ಮೆಲ್ಲಗೆ ಇಳಿಸಬೇಕು. 32,767ರಿಂದ 8,192ಕ್ಕೆ ಇಳಿಯಲು ಸ್ಯಾಂಪಲಿಗೆ 51.2. ಪೂರ್ಣಾಂಕದಲ್ಲಿ 51 ಅಂತ ಕಳೆಯುತ್ತಾ ಹೋದರೆ ಕೊನೆಗೆ 95 ಉಳಿಯುತ್ತದೆ, ವಾಲ್ಯೂಮ್ 8,192ಕ್ಕೆ ಮುಟ್ಟುವುದೇ ಇಲ್ಲ. ಮುಟ್ಟಿದೆಯಾ ಅಂತ ಸಮಚಿಹ್ನೆ ಹಾಕಿ ಕಾಯುವ ಕೋಡ್ ಇದ್ದರೆ ಹಾಡು ಇಳಿಯುತ್ತಲೇ ಹೋಗುತ್ತದೆ. ವಾಲ್ಯೂಮನ್ನು 32 ಬಿಟ್‌ನಲ್ಲಿ ಇಡಿ, ಕೊನೆಯ ಸ್ಯಾಂಪಲಿನಲ್ಲಿ ಗುರಿಯನ್ನೇ ನೇರ ಬರೆದುಬಿಡಿ.

ಇಬ್ಬರ ನಡುವಿನ ಮೆಮೊರಿ

ನನ್ನ ಹೆಚ್ಚಿನ ರಾತ್ರಿಗಳು ಹೋದದ್ದು ಇಲ್ಲೇ. ಪ್ರತಿ ಸ್ಟ್ರೀಮಿಗೂ ಒಂದು ರಿಂಗ್ ಬಫರ್ (ಕೊನೆ ಮುಟ್ಟಿದರೆ ಮತ್ತೆ ಮೊದಲಿನಿಂದ ಶುರುವಾಗುವುದು), ಮುಖ್ಯ ಪ್ರೊಸೆಸರ್ ಬರೆಯುತ್ತದೆ, ಡಿಎಸ್‌ಪಿ ಓದುತ್ತದೆ, ಬರೆಯುವ ಪಾಯಿಂಟರ್ ಒಬ್ಬರದು, ಓದುವ ಪಾಯಿಂಟರ್ ಇನ್ನೊಬ್ಬರದು, ಒಬ್ಬರದನ್ನು ಇನ್ನೊಬ್ಬರು ತಿದ್ದುವುದಿಲ್ಲ. ಕಾಗದದ ಮೇಲೆ ಇಷ್ಟೇ.

ಸಿ55ಎಕ್ಸ್‌ನಲ್ಲಿ ಮೊದಲ ಸಲ ಬರೆದಾಗ ಸೌಂಡ್ ಬಂತು, ಆದರೆ ಹಳೆಯ ತುಣುಕುಗಳು ಹೊಸದರ ನಡುವೆ ಮತ್ತೆ ಮತ್ತೆ ಬಂದು ಯಾರೋ ಬಾವಿಯೊಳಗಿಂದ ತೊದಲುತ್ತಿರುವ ಹಾಗಿತ್ತು. ಎರಡು ದಿನ ಕ್ಯಾಶ್ ಮೇಲೆ ಅನುಮಾನಪಟ್ಟೆ. ತಪ್ಪು ಇದ್ದದ್ದು ನನ್ನ ಒಂದು ಸಾಲಿನಲ್ಲಿ. ಆ ಡಿಎಸ್‌ಪಿಯಲ್ಲಿ ಡೇಟಾದ ಅತಿ ಸಣ್ಣ ಅಳತೆಯೇ 16 ಬಿಟ್, ಸಿ ಭಾಷೆಯ ಕ್ಯಾರ್ ಕೂಡ 16 ಬಿಟ್. 480 ಫ್ರೇಮ್ ಸ್ಟೀರಿಯೊ ಅಂದರೆ ಮುಖ್ಯ ಪ್ರೊಸೆಸರಾದ ಆರ್ಮ್ ಲೆಕ್ಕದಲ್ಲಿ 1,920 ಬೈಟ್, ಡಿಎಸ್‌ಪಿ ಲೆಕ್ಕದಲ್ಲಿ 960. ನಾನು ಆರ್ಮ್ ಕಡೆಯಿಂದ 1,920 ಅಂತ ಕಳಿಸಿದ್ದೆ. ಅದು ಪಾಪ ನಿಯತ್ತಾಗಿ 1,920 ವರ್ಡ್ ಓದಿ, ಮುಂದಿನ ಬ್ಲಾಕಿನ ಜಾಗದಲ್ಲಿದ್ದ ಹಳಸಲು ಡೇಟಾವನ್ನೂ ಸೇರಿಸಿ ನುಡಿಸುತ್ತಿತ್ತು. ಆವತ್ತಿನಿಂದ ಇಬ್ಬರ ನಡುವೆ ಬೈಟ್ ಲೆಕ್ಕ ಕಳಿಸುವುದನ್ನೇ ಬಿಟ್ಟೆ, ಏನಿದ್ದರೂ ಫ್ರೇಮ್ ಲೆಕ್ಕ.

ಕ್ಯಾಶ್ ಅನುಮಾನವೂ ಸುಮ್ನೆ ಬಂದದ್ದಲ್ಲ. ಆರ್ಮ್ ಬರೆದದ್ದು ಅದರ ಕ್ಯಾಶಿನಲ್ಲೇ ಉಳಿದು, ಡಿಎಸ್‌ಪಿ ಮೆಮೊರಿಯಲ್ಲಿನ ಹಳೆಯದನ್ನು ಓದುವುದು ಸಾಮಾನ್ಯ. ಸರಳ ದಾರಿ ಅಂದರೆ ಈ ಬಫರ್‌ಗಳನ್ನು ಕರ್ನೆಲ್‌ನಿಂದ ಕೊಹೆರೆಂಟ್ ಮೆಮೊರಿಯಾಗಿ, ಅಂದರೆ ಇಬ್ಬರಿಗೂ ಒಂದೇ ಡೇಟಾ ಕಾಣುವಂಥದ್ದಾಗಿ ಕೇಳಿ ಪಡೆಯುವುದು. ಕ್ಯಾಶ್ ಬೇಕೇ ಬೇಕು ಅಂದರೆ ಪ್ರತಿ ಸಲ ಬರೆದ ಮೇಲೆ ಕ್ಯಾಶನ್ನು ಕ್ಲೀನ್ ಮಾಡಿ, ಅಂದರೆ ಅದರಲ್ಲಿದ್ದದ್ದನ್ನು ಮೆಮೊರಿಗೆ ಬರೆಸಿ, ಬಫರ್ ಕ್ಯಾಶ್ ಲೈನಿನ ಗಡಿಯಲ್ಲೇ ಶುರುವಾಗಲಿ, ಎರಡು ಪಾಯಿಂಟರ್‌ಗಳು ಒಂದೇ ಲೈನಿನಲ್ಲಿ ಕೂರದಿರಲಿ. ಡೇಟಾ ಮೊದಲು, ಆಮೇಲೆ ಬರೆಯುವ ಕ್ರಮ ಕಾಯುವ ಬ್ಯಾರಿಯರ್, ಕೊನೆಗೆ ಪಾಯಿಂಟರ್. ಈ ಕ್ರಮ ತಪ್ಪಿದರೆ ದಿನಕ್ಕೊಮ್ಮೆ ಬರುವ ತಪ್ಪು ಹುಟ್ಟುತ್ತದೆ, ದಿನಕ್ಕೊಮ್ಮೆ ಬರುವುದನ್ನು ಹಿಡಿಯುವುದರಷ್ಟು ಕಷ್ಟ ಬೇರೆ ಇಲ್ಲ.

ಇನ್ನೊಂದು ನಿಯಮ ಗೋಡೆಗೆ ಅಂಟಿಸಿಕೊಳ್ಳಿ: ಮಿಕ್ಸರ್ ಯಾರಿಗೂ ಕಾಯುವುದಿಲ್ಲ. ಯಾವುದೋ ಸ್ಟ್ರೀಮಿನ ಬಫರ್ ಖಾಲಿ ಇದ್ದರೆ ಆ ಬ್ಲಾಕಿಗೆ ಅದರದ್ದು ಸೊನ್ನೆ ಅಂತ ಹಿಡಿದು, ಖಾಲಿಯಾದ ಲೆಕ್ಕವನ್ನು ಒಂದು ಕೌಂಟರಿನಲ್ಲಿ ಬರೆದು ಮುಂದೆ ಹೋಗಿ. ಒಂದು ಆ್ಯಪ್ ಹ್ಯಾಂಗ್ ಆದರೆ ಹಾಡು ಯಾಕೆ ನಿಲ್ಲಬೇಕು?

ಫೋನ್ ಕರೆ ಇರುವ ಸಾಧನವಾದರೆ

ಎಕೋ ತೆಗೆಯುವ ಕೋಡಿಗೆ ಸ್ಪೀಕರಿನಿಂದ ನಿಜವಾಗಿ ಏನು ಹೊರಟಿತು ಅನ್ನುವುದು ಗೊತ್ತಿರಬೇಕು. ಆ ಕೋಡ್ ಮುಖ್ಯ ಪ್ರೊಸೆಸರಿನಲ್ಲಿದ್ದು, ಮಿಕ್ಸ್ ಡಿಎಸ್‌ಪಿಯಲ್ಲಿ ಆದರೆ, ಟಿಣ್ ಸೇರಿಕೊಂಡದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಆ ಕಡೆಯವರಿಗೆ ನಿಮ್ಮ ಟಿಣ್ ಕೇಳಿಸುತ್ತದೆ. ಮಿಕ್ಸ್ ಆದ ನಂತರದ ಸೌಂಡನ್ನೇ ಒಂದು ಕ್ಯಾಪ್ಚರ್ ಡಿವೈಸಾಗಿ ವಾಪಸ್ ಕೊಡಿ, ಇಲ್ಲಾ ಎಕೋ ತೆಗೆಯುವುದನ್ನೂ ಡಿಎಸ್‌ಪಿಗೇ ಇಳಿಸಿ.

ಟೆಸ್ಟ್

ಹಾಡಿಟ್ಟು ಟೆಸ್ಟ್ ಮಾಡಬೇಡಿ, ಹಾಡಿನಲ್ಲಿ ತಪ್ಪು ಅಡಗಿಕೊಳ್ಳುತ್ತದೆ. ಅರ್ಧ ಎತ್ತರದ ಒಂದು ಸೈನ್ ಅಲೆ, ಅದರದ್ದೇ ತಲೆಕೆಳಗಾದ ಇನ್ನೊಂದು. ಡಿಎಸ್‌ಪಿ ಶುರುವಾಗುವ ಮೊದಲೇ ಎರಡನ್ನೂ ಎರಡು ಬಫರಿಗೆ ತುಂಬಿಸಿಡಿ, ಆಮೇಲೆ ಬಿಡಿ. ಹೊರಗೆ ಬರಬೇಕಾದ್ದು ಮೌನ. ಏನಾದರೂ ಕೇಳಿಸಿದರೆ ಒಂದು ಸ್ಟ್ರೀಮ್ ಇನ್ನೊಂದಕ್ಕಿಂತ ಹಿಂದೆ ಬಿದ್ದಿದೆ, ಇಲ್ಲಾ ವಾಲ್ಯೂಮ್ ಲೆಕ್ಕ ಎರಡಕ್ಕೂ ಬೇರೆ ಆಗಿದೆ. ಆಮೇಲೆ ಎರಡು ಎಪ್ಲೇ ಓಡಿಸಿ, ಒಂದಕ್ಕೆ ಸ್ಟಾಪ್ ಸಿಗ್ನಲ್ ಕಳಿಸಿ ನಿಲ್ಲಿಸಿ. ಇನ್ನೊಂದು ಒಂದು ಟಕ್ ಕೂಡ ಇಲ್ಲದೆ ಮುಂದುವರಿಯಬೇಕು.

ಕೊನೆಯದು ಬ್ಯಾಟರಿ, ಇಷ್ಟೆಲ್ಲ ಮಾಡಿದ್ದು ಅದಕ್ಕೇ ಅಲ್ವಾ. ಹಾಡು ಬಿಟ್ಟು, ಸ್ಕ್ರೀನ್ ಆರಿಸಿ, ಬೇರೆ ಕಂಪ್ಯೂಟರಿನಿಂದ ಒಳಗೆ ಹೋಗಿ ಪವರ್‌ಟಾಪ್ ನೋಡಿ. ಸೆಕೆಂಡಿಗೆ ಎಷ್ಟು ಸಲ ಎಚ್ಚರಾಗುತ್ತಿದೆ? ಇನ್ನೂ ನೂರರ ಹತ್ತಿರವೇ ಇದ್ದರೆ ಹಾಡಿನ ಸ್ಟ್ರೀಮ್ ದೊಡ್ಡ ಬಫರ್ ಕೇಳಿಲ್ಲ ಅಂತ. ಪ್ರಾಕ್ ಫೋಲ್ಡರಿನ ಅಸೌಂಡ್ ಒಳಗೆ ಆಯಾ ಸ್ಟ್ರೀಮಿನ ಹಾರ್ಡ್‌ವೇರ್ ಪ್ಯಾರಾಮ್ಸ್ ಫೈಲ್ ತೆರೆದು ಪೀರಿಯಡ್ ಸೈಜ್, ಅಂದರೆ ಎಷ್ಟು ಫ್ರೇಮಿಗೊಮ್ಮೆ ಎಚ್ಚರಿಸುತ್ತದೆ ಅನ್ನುವುದನ್ನು ನೋಡಿ. ಅಲ್ಲಿ 480 ಅಂತಲೇ ಇದ್ದರೆ ನಿಮ್ಮ ಡಿಎಸ್‌ಪಿ ಕೋಡನ್ನು ಮತ್ತೆ ಬಿಚ್ಚಬೇಡಿ, ಪ್ಲೇಯರಿನ ಸೆಟ್ಟಿಂಗ್ ಬದಲಿಸಿ.